ತಪ್ಪು ಅಚ್ಚಾದ ನಾಣ್ಯ: ಗುರುತಿಸುವುದು ಹೇಗೆ? ನಿಜವಾದ ಬೆಲೆ ಎಷ್ಟು?

ಊಟಿ, ಗೂಡಲೂರು, ಮಸಿನಗುಡಿ ಕಡೆ ಅಂಗಡಿ, ಹೋಟೆಲ್ ಇಟ್ಟುಕೊಂಡವರ ಗಲ್ಲಾಪೆಟ್ಟಿಗೆಗೆ ತಮಿಳುನಾಡು, ಕರ್ನಾಟಕ, ಕೇರಳ ಮೂರೂ ಕಡೆಯ ಚಿಲ್ಲರೆ ಬಂದು ಬೀಳುತ್ತದೆ. ಸೀಸನ್ನಿನಲ್ಲಂತೂ ಕೇಳುವುದೇ ಬೇಡ. ಆ ರಾಶಿಯಲ್ಲಿ ಅಪರೂಪಕ್ಕೆ ಚಿತ್ರ ಓರೆಯಾದ, ಅಂಚು ತುಂಡಾದ ಒಂದು ನಾಣ್ಯ ಸಿಕ್ಕಿದರೆ ಸಾಕು, ಫೋಟೊ ವಾಟ್ಸ್ಆ್ಯಪ್ ಗ್ರೂಪಿಗೆ ಹೋಗುತ್ತದೆ. "ಇದಕ್ಕೆ ಲಕ್ಷಗಟ್ಟಲೆ ಸಿಗ್ತದಂತೆ" ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ನಂಬುವ ಮೊದಲು ಗೊತ್ತಿರಬೇಕಾದ ಕೆಲವು ವಿಷಯ ಇಲ್ಲಿದೆ.

ತಪ್ಪು ಎಲ್ಲಿ ಆಗುತ್ತದೆ?

ನಮ್ಮ ನಾಣ್ಯಗಳು ಮುಂಬೈ, ಕೋಲ್ಕತಾ, ಹೈದರಾಬಾದ್ ಮತ್ತು ನೋಯ್ಡಾದ ಟಂಕಸಾಲೆಗಳಲ್ಲಿ ತಯಾರಾಗುತ್ತವೆ. ಲೋಹದ ಹಾಳೆಯಿಂದ ದುಂಡು ಬಿಲ್ಲೆ ಕತ್ತರಿಸಿ, ಎರಡು ಅಚ್ಚುಗಳ ನಡುವೆ ಇಟ್ಟು ಒತ್ತುತ್ತಾರೆ. ತಪ್ಪು ಬಿಲ್ಲೆಯಲ್ಲಿ ಆಗಬಹುದು, ಅಚ್ಚಿನಲ್ಲಿ ಆಗಬಹುದು, ಇಲ್ಲವೇ ಒತ್ತುವಾಗ ಆಗಬಹುದು.

ಬಿಲ್ಲೆ ಸರಿದು ಹೋದರೆ ಚಿತ್ರ ಒಂದು ಬದಿಗೆ ಜಾರಿ, ಇನ್ನೊಂದು ಬದಿ ಖಾಲಿ ಉಳಿಯುತ್ತದೆ. ಒಂದು ಅಚ್ಚು ತಿರುಗಿದ್ದರೆ ಎರಡು ಮುಖಗಳ ದಿಕ್ಕು ಹೊಂದುವುದಿಲ್ಲ. ಈಗಿನ ನಾಣ್ಯವನ್ನು ನೆಟ್ಟಗೆ ಹಿಡಿದು ಪುಸ್ತಕದ ಪುಟದಂತೆ ಮಗುಚಿದರೆ ಹಿಂಬದಿಯೂ ನೆಟ್ಟಗೇ ಕಾಣಬೇಕು. ಮೊದಲು ಒತ್ತಿದ ನಾಣ್ಯ ಅಚ್ಚಿಗೆ ಅಂಟಿಕೊಂಡು ಉಳಿದರೆ, ಮುಂದಿನ ಬಿಲ್ಲೆಯ ಮೇಲೆ ಅದೇ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗಿ, ಒಳಕ್ಕೆ ಕೊರೆದಂತೆ ಮೂಡುತ್ತದೆ. ಸಂಗ್ರಾಹಕರು ಇದನ್ನು 'ಲಖಿ' ಎನ್ನುತ್ತಾರೆ. ಇದಕ್ಕೆ ಬೇಡಿಕೆ ಜಾಸ್ತಿ.

ಯಾವುದು ತಪ್ಪಲ್ಲ?

ಇಸವಿಯ ಕೆಳಗಿರುವ ಗುರುತು ತಪ್ಪಲ್ಲ, ಟಂಕಸಾಲೆಯ ವಿಳಾಸ. ವಜ್ರದ ಆಕಾರ ಮುಂಬೈಯದ್ದು, ನಕ್ಷತ್ರ ಹೈದರಾಬಾದಿನದ್ದು, ಚುಕ್ಕಿ ನೋಯ್ಡಾದ್ದು. ಏನೂ ಇಲ್ಲದಿದ್ದರೆ ಕೋಲ್ಕತಾ. 1985ರಲ್ಲಿ ಮತ್ತು 1990ರ ದಶಕದ ಕೊನೆಯಲ್ಲಿ ಸರಕಾರ ಹೊರದೇಶಗಳಲ್ಲೂ ನಾಣ್ಯ ಮಾಡಿಸಿತ್ತು. ಆದ್ದರಿಂದ ಕೆಲವು ನಾಣ್ಯಗಳಲ್ಲಿ ಇಂಗ್ಲಿಷಿನ 'ಎಚ್', 'ಎಂಕೆ'ಯಂಥ ಅಕ್ಷರ ಕಾಣಬಹುದು.

10 ರೂಪಾಯಿ ನಾಣ್ಯದ ಗಲಾಟೆಯೂ ಇಂಥದ್ದೇ. ತಮಿಳುನಾಡಿನಲ್ಲಿ ಬಹಳ ಅಂಗಡಿಗಳು ಇದನ್ನು ತೆಗೆದುಕೊಳ್ಳದೆ ಜನರಿಗೆ ತೊಂದರೆಯಾಗಿತ್ತು. ರೂಪಾಯಿ ಚಿಹ್ನೆ ಇರುವುದೂ ಇಲ್ಲದಿರುವುದೂ ಸೇರಿ 14 ವಿನ್ಯಾಸಗಳೂ ಚಲಾವಣೆಗೆ ಸರಿ ಎಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲಿ ಸ್ಪಷ್ಟಪಡಿಸಿತು. ವಿನ್ಯಾಸ ಬೇರೆಯಾದ ಮಾತ್ರಕ್ಕೆ ನಾಣ್ಯ ನಕಲಿಯೂ ಅಲ್ಲ, ಅಪರೂಪದ್ದೂ ಅಲ್ಲ.

ಹಳೆಯ ನಾಣ್ಯದ ಲೆಕ್ಕ ಬೇರೆ. ನೀಲಗಿರಿ 1799ರವರೆಗೆ ಮೈಸೂರಿನ ಆಳ್ವಿಕೆಯಲ್ಲಿತ್ತು. ಟಿಪ್ಪುವಿನ ಆನೆ ಚಿತ್ರದ ತಾಮ್ರದ ಕಾಸು ಕೈಯಿಂದ ಬಡಿದು ಮಾಡಿದ್ದು. ಅದರಲ್ಲಿ ಚಿತ್ರ ಓರೆಯಾಗಿರುವುದು ಮಾಮೂಲು, ಅದಕ್ಕಾಗಿ ಬೆಲೆ ಏರುವುದಿಲ್ಲ.

ಮನೆಯಲ್ಲೇ ಮಾಡುವ ಪರೀಕ್ಷೆ

ತೂಕ: ಪರಿಚಯದ ಚಿನ್ನದಂಗಡಿಯಲ್ಲಿ ತೂಗಿಸಿ. 1992ರಿಂದ 2004ರವರೆಗಿನ 1 ರೂಪಾಯಿ ಸ್ಟೀಲ್ ನಾಣ್ಯ 4.85 ಗ್ರಾಂ, 25 ಮಿ.ಮೀ. 2011ರಿಂದ ಬಂದ ಸಣ್ಣ 1 ರೂಪಾಯಿ 3.79 ಗ್ರಾಂ, 22 ಮಿ.ಮೀ. ತೂಕದಲ್ಲಿ ದೊಡ್ಡ ವ್ಯತ್ಯಾಸವಿದ್ದರೆ ಬೇರೆ ನಾಣ್ಯದ ಬಿಲ್ಲೆ ಬಳಕೆಯಾಗಿರಬಹುದು, ಇಲ್ಲವೇ ಯಾರೋ ಅರದಿಂದ ತಿಕ್ಕಿರಬಹುದು.

ಅಯಸ್ಕಾಂತ: ಈ ಸ್ಟೀಲ್ ನಾಣ್ಯ ಅಯಸ್ಕಾಂತಕ್ಕೆ ಅಂಟುತ್ತದೆ. ಅಂಟದಿದ್ದರೆ ತಜ್ಞರಿಗೆ ತೋರಿಸಬೇಕಾದದ್ದೇ.

ಅಂಚು: ಟಂಕಸಾಲೆಯಲ್ಲೇ ತುಂಡಾದ ಬಿಲ್ಲೆಯಾದರೆ, ತುಂಡಾದ ಜಾಗದ ನೇರ ಎದುರು ಬದಿಯ ಅಂಚು ಸಾಮಾನ್ಯವಾಗಿ ಮಸುಕಾಗಿರುತ್ತದೆ. ಕತ್ತರಿಯಿಂದ ಕತ್ತರಿಸಿದ್ದರಲ್ಲಿ ಎದುರು ಬದಿ ಪೂರ್ತಿ ಚೆನ್ನಾಗಿಯೇ ಉಳಿದಿರುತ್ತದೆ.

ಮೇಲ್ಮೈ: ಎರಡು ನಾಣ್ಯ ಒಟ್ಟಿಗೆ ಇಟ್ಟು ಸುತ್ತಿಗೆಯಿಂದ ಬಡಿದು 'ಲಖಿ' ಮಾಡುವವರಿದ್ದಾರೆ. ಅಂಥದ್ದರಲ್ಲಿ ಮೂಲ ಚಿತ್ರ ಜಜ್ಜಿ ಹೋಗಿ, ಅದರ ಮೇಲೆ ತಿರುಗಿದ ಚಿತ್ರ ಅರೆಬರೆ ಕಾಣುತ್ತದೆ. 10 ರೂಪಾಯಿಯ ನಡುವಿನ ಬಿಲ್ಲೆ ಬಡಿದು ತೆಗೆದು "ತೂತಿನ ನಾಣ್ಯ" ಅಂತ ಮಾರುವುದೂ ಉಂಟು. ಭೂತಗನ್ನಡಿ ಹಿಡಿದು ಗೀರು, ಉಪಕರಣದ ಗುರುತು ಹುಡುಕಿ. ಏನೇ ಆದರೂ ನಾಣ್ಯವನ್ನು ಹುಣಸೆಹುಳಿ, ಬೂದಿ ಹಾಕಿ ಉಜ್ಜಬೇಡಿ. ಉಜ್ಜಿದರೆ ಇದ್ದ ಬೆಲೆಯೂ ಹೋಗುತ್ತದೆ.

ಬೆಲೆ ಕಟ್ಟುವುದು

ಚಿತ್ರ ಒಂದು ಕೂದಲೆಳೆ ಸರಿದಿದ್ದರೆ ಮುಖಬೆಲೆಗಿಂತ ಹೆಚ್ಚೇನೂ ಸಿಗದು. ಅರ್ಧದಷ್ಟು ಸರಿದಿದ್ದು, ಇಸವಿ ಮಾತ್ರ ಸ್ಪಷ್ಟವಾಗಿ ಓದಲು ಸಿಕ್ಕಿದರೆ ಬೆಲೆ ಏರುತ್ತದೆ. ನಾಣ್ಯ ಸವೆದಿಲ್ಲವೇ, ಅಂಥದ್ದೇ ತಪ್ಪು ಮಾರುಕಟ್ಟೆಯಲ್ಲಿ ಬೇರೆ ಎಷ್ಟಿದೆ ಎಂಬುದೂ ಮುಖ್ಯ. ಆನ್‌ಲೈನ್‌ನಲ್ಲಿ ಯಾರೋ ಬರೆದ ಐದು ಲಕ್ಷ ಅವರ ಆಸೆ ಮಾತ್ರ. ಅದನ್ನು ಯಾರಾದರೂ ಕೊಟ್ಟು ಕೊಂಡರೇ ಅನ್ನುವುದೇ ಪ್ರಶ್ನೆ. ಬೆಂಗಳೂರಿನ ಮರುಧರ್ ಆರ್ಟ್ಸ್, ಮುಂಬೈಯ ಟೋಡಿವಾಲಾದಂಥ ಹರಾಜು ಸಂಸ್ಥೆಗಳಲ್ಲಿ ಅದೇ ಬಗೆಯ ನಾಣ್ಯ ನಿಜವಾಗಿ ಎಷ್ಟಕ್ಕೆ ಹೋಯಿತು ಎಂದು ನೋಡಿ, ಕಮಿಷನ್ ಕಳೆದು ಲೆಕ್ಕ ಹಾಕಿ.

ಮೋಸದ ಜಾಲ

ವೈಷ್ಣೋದೇವಿ ಚಿತ್ರದ ನಾಣ್ಯಕ್ಕೆ ಲಕ್ಷ, 786 ನಂಬರಿನ ನೋಟಿಗೆ ಲಕ್ಷ ಅಂತ ಹೇಳಿ, "ಮೊದಲು ನೋಂದಣಿ ಶುಲ್ಕ, ಆಮೇಲೆ ಜಿಎಸ್‌ಟಿ ಕಟ್ಟಿ" ಎಂದು ಕೇಳುವುದೇ ಇವರ ದಾರಿ. 786 ಅಂದ ಕೂಡಲೇ ನಮ್ಮವರ ಮನಸ್ಸು ಕರಗುತ್ತದೆ ಎಂದು ಅವರಿಗೂ ಗೊತ್ತು. ಹಳೆಯ ನೋಟು, ನಾಣ್ಯದ ವ್ಯವಹಾರಕ್ಕೆ ತಾನು ಯಾವ ಶುಲ್ಕವನ್ನೂ ಪಡೆಯುವುದಿಲ್ಲ, ಪಡೆಯಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಎಚ್ಚರಿಸಿದೆ. ಮಾರುವವನೇ ಮೊದಲು ಹಣ ಕಟ್ಟುವ ವ್ಯಾಪಾರ ಎಲ್ಲಿಯೂ ಇಲ್ಲ. ಹಣ ಹೋಗಿದ್ದರೆ ನಾಚಿಕೆಪಡದೆ ಕೂಡಲೇ 1930ಕ್ಕೆ ಕರೆ ಮಾಡಿ. ತಡವಾದಷ್ಟು ಹಣ ಸಿಗುವುದು ಕಷ್ಟ. 1880ರ ಆಸುಪಾಸಿನಲ್ಲಿ ಗೂಡಲೂರು ಬಳಿಯ ದೇವಾಲ, ಪಂದಲೂರಿನ ಚಿನ್ನದ ಸುದ್ದಿ ನಂಬಿ ಲಂಡನ್ನಿನವರೂ ಶೇರು ಕೊಂಡು ಕೈಸುಟ್ಟುಕೊಂಡಿದ್ದರು.

ನಾಣ್ಯ ಯಾರದ್ದು?

ಮಸೀದಿಯ ಡಬ್ಬಿ ಎಣಿಸುವಾಗ ಇಂಥ ನಾಣ್ಯ ಸಿಕ್ಕಿದರೆ, ಅದರ ಬದಲಿಗೆ ಬೇರೆ 5 ರೂಪಾಯಿ ಹಾಕಿ ಜೇಬಿಗಿಳಿಸುವ ಹಾಗಿಲ್ಲ. ಅದು ಅಮಾನತ್. ಕಮಿಟಿಗೆ ತೋರಿಸಿ, ಪುಸ್ತಕದಲ್ಲಿ ಬರೆಸಿ. ಮಾರಿದರೆ ಬಂದ ಹಣ ಮಸೀದಿಯ ಲೆಕ್ಕಕ್ಕೇ ಹೋಗಬೇಕು. ಅಂಗಡಿಯ ಗಲ್ಲಾದಲ್ಲಿ ಕೆಲಸದ ಹುಡುಗನಿಗೆ ಸಿಕ್ಕಿದರೂ ಅದು ಮಾಲಕರದ್ದು. ಅವರು ಖುಷಿಯಿಂದ ಪಾಲು ಕೊಟ್ಟರೆ ಆ ಮಾತು ಬೇರೆ. ನಾವು ಮಾರುವಾಗಲೂ ಅಷ್ಟೇ: ಬಡಿದದ್ದು, ಕತ್ತರಿಸಿದ್ದು ಎಂದು ಗೊತ್ತಿದ್ದರೆ ಅದನ್ನು ಕೊಳ್ಳುವವರಿಗೆ ಮೊದಲೇ ಹೇಳಬೇಕು.