ಪೂಸಾ ಸಂಗ್ರಹದ ತಿಗಣೆ ಬಳಗ

ಓಲ್ಡ್ ರಾಜಿಂದರ್ ನಗರದ ಪಕ್ಕದ ಪೂಸಾ ಆವರಣದಲ್ಲಿ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ರಾಷ್ಟ್ರೀಯ ಪೂಸಾ ಕೀಟ ಸಂಗ್ರಹವಿದೆ. 1934ರ ಬಿಹಾರ ಭೂಕಂಪದ ನಂತರ, 1936ರಲ್ಲಿ ಸಂಸ್ಥೆ ಬಿಹಾರದ ಪೂಸಾದಿಂದ ದೆಹಲಿಗೆ ಬಂತು.

ಈ ಸಂಗ್ರಹದಲ್ಲಿರುವ ತಿಗಣೆ, ಸಸ್ಯಹೇನು, ಜಿಗಿಹುಳು ಎಲ್ಲವೂ ಹೆಮಿಪ್ಟೆರಾ ಗಣದವು. ಆಕಾರ ಎಷ್ಟೇ ಬೇರೆಯಾದರೂ ಗುರುತು ಬಾಯಿಯಲ್ಲಿದೆ: ಸೂಜಿಯಂಥ ಸೊಂಡಿಲಿನೊಳಗೆ ಎರಡು ನಾಳ, ಒಂದರಲ್ಲಿ ಜೊಲ್ಲು ಇಳಿಯುತ್ತದೆ, ಇನ್ನೊಂದರಲ್ಲಿ ರಸ ಏರುತ್ತದೆ. ಹಲವು ಬೆಳೆಗಳಿಗೆ ವೈರಸ್ ರೋಗ ತಗಲುವುದೂ ಈ ಜೊಲ್ಲಿನಿಂದಲೇ. ಹಾಗಾಗಿ ಕೀಟದ ಸರಿಯಾದ ಹೆಸರು ರೈತರಿಗೆ ಬಹಳ ಮುಖ್ಯ.

ಈ ಗಣದ ಭಾರತದ ಪ್ರಭೇದಗಳನ್ನು ಕೀಟಶಾಸ್ತ್ರಜ್ಞ ವಿಲಿಯಂ ಡಿಸ್ಟಂಟ್ 1902ರಿಂದ 1918ರವರೆಗೆ ಏಳು ಸಂಪುಟಗಳಲ್ಲಿ ವಿವರಿಸಿದರು. ಜಿಗಿಹುಳುಗಳ ವರ್ಗೀಕರಣಕ್ಕೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಸಿ.ಎ. ವಿರಕ್ತಮಠ ಅವರ ಕೊಡುಗೆ ದೊಡ್ಡದು. ಬರಿಗಣ್ಣಿಗೆ ಒಂದೇ ರೀತಿ ಕಾಣುವ ಜಿಗಿಹುಳುಗಳನ್ನು ಬೇರ್ಪಡಿಸಲು ಗಂಡುಹುಳುವಿನ ಜನನಾಂಗದ ರಚನೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಲೇಬೇಕು.