ಹೊಟ್ಟೆ ಸೀಳದ ‘ಧ’

ಲೋವರ್ ಹಟ್‌ನಲ್ಲಿ ರಾಜ್ಯೋತ್ಸವಕ್ಕೆ ಮೂವತ್ತು ಟಿ-ಶರ್ಟ್ ಮಾಡಿಸ್ಬೇಕು ಅಂತ ಇಟ್ಕೊಳ್ಳಿ. ನೀವು ಕಂಪ್ಯೂಟರ್‌ನಲ್ಲಿ ಚಂದದ ಚಿತ್ರ ಬರೆದಿದ್ದೀರಿ. ಮೈಸೂರು ಅರಮನೆ, ಆನೆ, ಸೂರ್ಯೋದಯದ ಹನ್ನೆರಡು ಛಾಯೆ, ಕೆಳಗೆ ಸಣ್ಣದಾಗಿ ಒಂದು ಸಾಲು ಕನ್ನಡ. ಪ್ರಿಂಟ್ ಮಾಡುವವರು ಮೊದಲು ಕೇಳೋದು ಒಂದೇ: “ಎಷ್ಟು ಬಣ್ಣ?”

ಯಾಕಂದ್ರೆ ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಪರದೆ, ಒಂದೊಂದು ಪರದೆಗೂ ಖರ್ಚು. ಪರದೆ ಅಂದರೆ ಚೌಕಟ್ಟಿಗೆ ಬಿಗಿದ ಜರಡಿಯಂಥ ಬಟ್ಟೆ. ಟಿ-ಶರ್ಟಿಗೆ ಬಳಸುವ ಒಂದು ಸಾಮಾನ್ಯ ಪರದೆಯಲ್ಲಿ ಸೆಂಟಿಮೀಟರಿಗೆ 43 ಎಳೆ. ತೀರಾ ತೆಳ್ಳಗಿನ ಗೆರೆ ಆ ಎಳೆಗಳ ಮೇಲೆ ನಿಲ್ಲೋದಿಲ್ಲ. ತೀರಾ ಕಿರಿದಾದ ಸಂದು, ಹತ್ತಿಬಟ್ಟೆಯಲ್ಲಿ ಶಾಯಿ ಹರಡಿ ಮುಚ್ಚಿಹೋಗುತ್ತೆ.

ಇಂಗ್ಲಿಷಿಗಿಂತ ಕನ್ನಡಕ್ಕೆ ಇದರ ಪೆಟ್ಟು ಜಾಸ್ತಿ. ಶಾಲೆಯಲ್ಲಿ ಮೇಷ್ಟ್ರು ‘ಧ’ಗೆ ಹೊಟ್ಟೆ ಸೀಳೋ ಅಂತ ಹೇಳ್ತಿದ್ದುದು ನೆನಪಿದೆಯಾ? ಆ ಪುಟ್ಟ ಗೀಟು ಬಟ್ಟೆಯ ಮೇಲೆ ಬೀಳದೆ ಹೋದ್ರೆ ಧನ ಹೋಗಿ ದನ ಆಗುತ್ತೆ. ‘ಷ’ದ ಹೊಟ್ಟೆ ತುಂಬಿಕೊಳ್ಳುತ್ತೆ. ‘ಕನ್ನಡ’ದ ಒತ್ತು ಬರೀ ಒಂದು ಚುಕ್ಕೆ.

ಯಂತ್ರದ ಜೊತೆ ನಮ್ಮ ಅಕ್ಷರಗಳ ಈ ಚೌಕಾಸಿ ಹೊಸದಲ್ಲ. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದಾಗ ಅದು ಕಲ್ಲಚ್ಚಿನ ಪತ್ರಿಕೆ. ಕಲ್ಲಚ್ಚಿನಲ್ಲಿ ಅಕ್ಷರ ಕೈಬರಹದ್ದೇ. ಒತ್ತು ಎಲ್ಲಿ ಬೇಕೋ ಅಲ್ಲಿ, ಎಷ್ಟು ಬೇಕೋ ಅಷ್ಟು. ಅಚ್ಚಿನ ಮೊಳೆಗಳು ಬಂದಾಗ ಹೆಚ್ಚು ಪ್ರತಿ ತೆಗೆಯೋದು ಸುಲಭವಾಯ್ತು, ಆದರೆ ಒತ್ತು, ಗುಣಿತಗಳಿಗೆಲ್ಲ ಬೇರೆ ಬೇರೆ ಮೊಳೆ ಎರಕ ಹೊಯ್ಯಬೇಕಾಯ್ತು. ಒಂದು ಸಿಕ್ಕಿತು, ಇನ್ನೊಂದನ್ನು ಬಿಟ್ಟುಕೊಡಬೇಕಾಯ್ತು.

ರೇಷ್ಮೆ ಪರದೆಯ ಮುದ್ರಣಕ್ಕೆ ಮ್ಯಾಂಚೆಸ್ಟರಿನ ಸ್ಯಾಮ್ಯುಯೆಲ್ ಸೈಮನ್ ಪೇಟೆಂಟ್ ಪಡೆದದ್ದು 1907ರಲ್ಲಿ. ಅದೇ ತಂತ್ರ ಮುಂದೆ ಚಳವಳಿಗಾರರ ಕೈಗೂ ಬಂತು. ಲೋವರ್ ಹಟ್‌ನಿಂದ ಸ್ವಲ್ಪ ದೂರದಲ್ಲೇ, 1978ರಲ್ಲಿ ಶುರುವಾದ ವೆಲಿಂಗ್ಟನ್ ಮೀಡಿಯಾ ಕಲೆಕ್ಟಿವ್ ಎಂಬ ಗುಂಪು 1998ರವರೆಗೆ ಕಾರ್ಮಿಕ ಸಂಘಗಳಿಗೆ, ಹೋರಾಟಗಳಿಗೆ ಪೋಸ್ಟರ್ ಮಾಡಿಕೊಟ್ಟಿತು. ಪರದೆಯ ಮೇಲೆ ಮಾತು ಉಳಿಯಬೇಕಾದರೆ ಬಣ್ಣ ಕಮ್ಮಿ, ಅಕ್ಷರ ದಪ್ಪ ಇರಬೇಕು ಅನ್ನೋದು ಇಂಥ ಕೆಲಸ ಮಾಡಿದವರಿಗೆಲ್ಲ ಗೊತ್ತು.

ಈ ಲೆಕ್ಕದಲ್ಲಿ ನಮ್ಮ ಹತ್ತಿರ ಮೊದಲೇ ಒಂದು ಒಳ್ಳೆ ವಿನ್ಯಾಸ ಇದೆ. 1960ರ ದಶಕದಲ್ಲಿ ಮ. ರಾಮಮೂರ್ತಿ ರೂಪಿಸಿದ ಹಳದಿ-ಕೆಂಪು ಬಾವುಟ: ಎರಡೇ ಬಣ್ಣ, ಛಾಯೆ ಇಲ್ಲ. ಬಿಳಿ ಅಂಗಿಗೆ ಎರಡು ಪರದೆ ಸಾಕು. ಕಪ್ಪು ಅಂಗಿಯಾದರೆ ಹಳದಿ ಮಂಕಾಗದ ಹಾಗೆ ಅಡಿಯಲ್ಲಿ ಬಿಳಿಯ ಒಂದು ಪದರ ಬೇಕು, ಅಂದರೆ ಮೂರು.

ಈಗ ನೇರ ಬಟ್ಟೆಯ ಮೇಲೇ ಮುದ್ರಿಸುವ ಡಿಜಿಟಲ್ ಯಂತ್ರಗಳಿವೆ, ಹನ್ನೆರಡು ಛಾಯೆಯೂ ಬರುತ್ತೆ ಅಂತೀರಿ. ಸರಿ. ಆದರೆ ಬೆಂಗಳೂರಿನ ಮಗುವಿಗೆ ಬಸ್ಸಿನ ಬೋರ್ಡು, ಅಂಗಡಿಯ ಹೆಸರು ಎಲ್ಲವೂ ಅಕ್ಷರ ಕಲಿಸುತ್ತವೆ. ಲೋವರ್ ಹಟ್‌ನ ಮಗುವಿಗೆ ಬೀದಿಯಲ್ಲಿ ಕನ್ನಡ ಸಿಗೋದು ಅಪ್ಪನ ಅಂಗಿಯ ಮೇಲೆ. ಅಲ್ಲಿ ‘ಧ’ ಹೇಗಿದೆಯೋ ಹಾಗೇ ಅದು ಬರೆಯೋಕೆ ಕಲಿಯುತ್ತೆ.

ಹಾಗಾಗಿ ಆನೆ, ಅರಮನೆ ಬಿಡಿ. ಅಕ್ಷರ ದೊಡ್ಡದು ಮಾಡಿ, ಒತ್ತನ್ನು ಇನ್ನೂ ಸ್ವಲ್ಪ ಹಿಗ್ಗಿಸಿ, ಗೀಟು ದಪ್ಪ ಎಳೆಯಿರಿ. ಅಸಲಿ ಅಳತೆಯಲ್ಲೇ ಕಾಗದದ ಮೇಲೆ ತೆಗೆದು ಗೋಡೆಗೆ ಅಂಟಿಸಿ, ಹತ್ತು ಹೆಜ್ಜೆ ಹಿಂದೆ ನಿಂತು ಓದಿ. ಯಾವ ಗೆರೆ ಉಳಿಯಬೇಕು ಅಂತ ಶಾಯಿಗಿಂತ ಮೊದಲು ನೀವೇ ತೀರ್ಮಾನಿಸಿ.