ನರ್ಸಿಂಗ್ ಹೋಮ್ ಸಿಬ್ಬಂದಿಯ ಅರ್ಹತೆ ಮತ್ತು ತರಬೇತಿ (ವಿಜಯನಗರ ಜಿಲ್ಲೆ)

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಲ್ಲಿ ಹೆರಿಗೆಗೆ, ಸಣ್ಣಪುಟ್ಟ ಶಸ್ತ್ರಚಿಕಿತ್ಸೆಗೆ, ಜ್ವರಕ್ಕೆ ಡ್ರಿಪ್ ಹಾಕಿಸಿಕೊಳ್ಳಲು ಜನ ಸೇರುವ ಖಾಸಗಿ ಆಸ್ಪತ್ರೆಗಳೇ ನರ್ಸಿಂಗ್ ಹೋಮ್‌ಗಳು. ಅಲ್ಲಿ ದುಡಿಯುವ ಸಿಸ್ಟರ್, ತಂತ್ರಜ್ಞ ಮತ್ತು ಆಯಾಗಳ ಅರ್ಹತೆಯನ್ನು ಕಾನೂನು ಯಾವಾಗ, ಎಷ್ಟರ ಮಟ್ಟಿಗೆ ಕೇಳತೊಡಗಿತು ಎಂಬುದು ಇಲ್ಲಿನ ವಿಷಯ.

ಕರ್ನಾಟಕದ ನರ್ಸಿಂಗ್ ಚರಿತ್ರೆಯನ್ನು ಹಳೆ ಮೈಸೂರಿನಿಂದ ಶುರುಮಾಡುವ ರೂಢಿ ಈ ಭಾಗಕ್ಕೆ ಹೊಂದುವುದಿಲ್ಲ. ಆಗ ಬಳ್ಳಾರಿ ಜಿಲ್ಲೆಯಲ್ಲಿದ್ದ ಈ ಸೀಮೆ 1953ರ ಅಕ್ಟೋಬರ್ 1ರವರೆಗೆ ಮದ್ರಾಸಿನಲ್ಲಿತ್ತು. ಹಾಗಾಗಿ ಇಲ್ಲಿ ದಾದಿಯರ ನೋಂದಣಿಗೆ ಮೊದಲ ಆಧಾರ 1926ರ ಮದ್ರಾಸ್ ದಾದಿಯರು ಮತ್ತು ಸೂಲಗಿತ್ತಿಯರ ಕಾಯ್ದೆ. 1947ರ ಭಾರತೀಯ ನರ್ಸಿಂಗ್ ಪರಿಷತ್ ಕಾಯ್ದೆ, 1961ರ ರಾಜ್ಯ ಕಾಯ್ದೆ ಆಮೇಲೆ ಬಂದವು.

ಇವೆಲ್ಲ ದಾದಿಯನ್ನು ನೋಂದಾಯಿಸಿದವು. ಆಕೆಯನ್ನು ಕೆಲಸಕ್ಕಿಟ್ಟುಕೊಳ್ಳುವ ಸಂಸ್ಥೆಯತ್ತ ರಾಜ್ಯ ತಿರುಗಿದ್ದು 1976ರ ಖಾಸಗಿ ನರ್ಸಿಂಗ್ ಹೋಮ್ ನಿಯಂತ್ರಣ ಕಾಯ್ದೆಯಲ್ಲಿ. ಅದರ ಜಾಗಕ್ಕೆ ಬಂದ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯೇ (ಕೆಪಿಎಂಇ) ನಿಜವಾದ ತಿರುವು. ಅರ್ಹ ವೈದ್ಯರು, ತರಬೇತಿ ಪಡೆದ ಅರೆವೈದ್ಯಕೀಯ ಸಿಬ್ಬಂದಿ ಸಾಕಷ್ಟು ಇರಬೇಕೆಂಬುದು ನೋಂದಣಿಯ ಷರತ್ತಾಯಿತು.

ಈ ಕಾಯ್ದೆಯ 2017ರ ತಿದ್ದುಪಡಿಯ ಹೊತ್ತಿಗೆ ಗಮನ ಬೇರೆಡೆ ಹರಿಯಿತು. ತಿದ್ದುಪಡಿಗಾಗಿ ಶಿಫಾರಸು ಮಾಡಿದ ನ್ಯಾಯಮೂರ್ತಿ ವಿಕ್ರಮಜಿತ್ ಸೇನ್ ಸಮಿತಿಯ ವರದಿ, ಚಿಕಿತ್ಸಾ ದರ, ಜೈಲು ಶಿಕ್ಷೆಯ ಪ್ರಸ್ತಾಪ, ನವೆಂಬರಿನ ವೈದ್ಯರ ಮುಷ್ಕರ ಇವೇ ಸುದ್ದಿಯಾದವು. ರೋಗಿಯ ಪಕ್ಕದಲ್ಲಿ ರಾತ್ರಿಯಿಡೀ ಇರುವವರ ಕೌಶಲ ಚರ್ಚೆಯ ಅಂಚಿಗೆ ಸರಿದದ್ದು ದುರದೃಷ್ಟಕರ.

ಹರಪನಹಳ್ಳಿಯ ದಾಖಲೆ ಹುಡುಕುವವರು ಎಚ್ಚರ ವಹಿಸಬೇಕು. ಕೆಪಿಎಂಇ ನೋಂದಣಿ ನಡೆಯುವುದು ಜಿಲ್ಲಾಮಟ್ಟದಲ್ಲಿ. ತಾಲ್ಲೂಕಾದರೋ 1997ರಲ್ಲಿ ದಾವಣಗೆರೆಗೆ ಸೇರಿ, ಸಂವಿಧಾನದ 371ಜೆ ವಿಧಿಯ ವಿಶೇಷ ಸೌಲಭ್ಯಕ್ಕಾಗಿ ನಡೆದ ಹೋರಾಟದ ಬಳಿಕ 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾಯಿತು. ಒಂದು ಜಿಲ್ಲೆಯ ಪಟ್ಟಿಯನ್ನಷ್ಟೇ ನೋಡಿ ಇಲ್ಲಿ ನೋಂದಾಯಿತ ಸಂಸ್ಥೆಗಳು ಹೆಚ್ಚಿದವು, ಕುಸಿದವು ಎಂದು ತೀರ್ಮಾನಿಸುವಂತಿಲ್ಲ. ಹಾಗೆಯೇ, ಮೊದಲು ಕೂಡ್ಲಿಗಿಯ ಭಾಗವಾಗಿದ್ದ ಕೊಟ್ಟೂರಿನ ಹಳೆಯ ವಿವರಗಳನ್ನು ಕೂಡ್ಲಿಗಿ ತಾಲ್ಲೂಕಿನಡಿ ಹುಡುಕಬೇಕು.

ಕಾನೂನು ಕೇಳುವ ಪ್ರಮಾಣಪತ್ರವಿದ್ದರೆ ಕೆಲಸ ಬರುತ್ತದೆಂದು ಹೇಳಲಾಗದು. ಎರಡು ವರ್ಷದ ಎಎನ್‌ಎಂ (ಸಹಾಯಕ ದಾದಿ ಮತ್ತು ಸೂಲಗಿತ್ತಿ) ಪಠ್ಯ ಹಳ್ಳಿಯ ತಾಯಿ-ಮಕ್ಕಳ ಆರೈಕೆ, ಲಸಿಕೆ, ಹೆರಿಗೆಯನ್ನು ಮನಸ್ಸಿನಲ್ಲಿಟ್ಟು ರೂಪುಗೊಂಡದ್ದು. ಆಸ್ಪತ್ರೆಯ ವಾರ್ಡು, ಶಸ್ತ್ರಚಿಕಿತ್ಸಾ ಕೊಠಡಿಗಳ ಅಭ್ಯಾಸ ಹೆಚ್ಚಾಗಿ ಸಿಗುವುದು ಜಿಎನ್‌ಎಂ (ಸಾಮಾನ್ಯ ನರ್ಸಿಂಗ್ ಮತ್ತು ಮಿಡ್‌ವೈಫರಿ), ಬಿಎಸ್ಸಿ ನರ್ಸಿಂಗ್‌ಗಳಲ್ಲಿ. ಹೆರಿಗೆಯ ನಂತರ ರಕ್ತಸ್ರಾವ ಶುರುವಾದಾಗ, ಹುಟ್ಟಿದ ಕೂಸು ಉಸಿರಾಡದಿದ್ದಾಗ ಬೇಕಾಗುವ ಚುರುಕು ಪದೇಪದೇ ಅಭ್ಯಾಸ ಮಾಡದೆ ಉಳಿಯುವುದಿಲ್ಲ. ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸುವಾಗ 150 ಗಂಟೆಗಳ ಮುಂದುವರಿದ ಶಿಕ್ಷಣ ತೋರಿಸಬೇಕೆಂಬ ಭಾರತೀಯ ನರ್ಸಿಂಗ್ ಪರಿಷತ್ತಿನ ಕ್ರಮ ಈ ಕೊರತೆಗೆ ಕೊಟ್ಟ ಉತ್ತರ. ಆದರೆ ಒಬ್ಬಿಬ್ಬರು ಸಿಸ್ಟರ್‌ಗಳನ್ನೇ ನಂಬಿದ ಸಣ್ಣ ಆಸ್ಪತ್ರೆ ಅವರನ್ನು ತರಬೇತಿಗೆಂದು ಬಳ್ಳಾರಿಗೋ ದಾವಣಗೆರೆಗೋ ಕಳಿಸಿದರೆ ಆ ದಿನದ ಪಾಳಿ ಖಾಲಿ. ಬದಲಿ ಸಿಬ್ಬಂದಿಯ ಏರ್ಪಾಡಿಲ್ಲದೆ ಈ ನಿಯಮ ಇಲ್ಲಿ ನಡೆಯುವುದು ಕಷ್ಟ.

1947ರ ಕಾಯ್ದೆಯ ಬದಲಿಗೆ ಸಂಸತ್ತು 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗ ಕಾಯ್ದೆಯನ್ನು ಅಂಗೀಕರಿಸಿತು. ಪ್ರಯೋಗಾಲಯ, ಎಕ್ಸ್-ರೇ ತಂತ್ರಜ್ಞರಿಗೆ ಸಹ-ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ 2021ರ ಕಾಯ್ದೆ ಪ್ರತ್ಯೇಕವಾಗಿದೆ. ಆಯಾಗಳು ಇವೆರಡರ ವ್ಯಾಪ್ತಿಗೂ ಬರುವುದಿಲ್ಲ.